ಕರುಳಿನ ತುದಿ, ಚರ್ಮದ ಅಂಚು

ಹೊಟ್ಟೆಯ ಗೋಡೆಯಲ್ಲಿ ರಂಧ್ರ ಮಾಡಿ, ಕರುಳಿನ ಒಂದು ಭಾಗವನ್ನು ಅದರ ಮೂಲಕ ಹೊರಕ್ಕೆ ತಂದು, ಮಲವು ಸಹಜ ದಾರಿಯನ್ನು ಬಿಟ್ಟು ಅಲ್ಲಿಂದಲೇ ಹೊರಬೀಳುವಂತೆ ಮಾಡುವ ಶಸ್ತ್ರಚಿಕಿತ್ಸೆಗೆ ಆಸ್ಟಮಿ ಎಂದೂ ಹಾಗೆ ಉಂಟಾದ ದ್ವಾರಕ್ಕೆ ಸ್ಟೋಮಾ ಎಂದೂ ಹೆಸರು; ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಎಂದರೆ ಬಾಯಿ. ದೊಡ್ಡ ಕರುಳನ್ನು ಹೊರತಂದರೆ ಅದು ಕೊಲಾಸ್ಟಮಿ, ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂ ಅನ್ನು ಹೊರತಂದರೆ ಇಲಿಯಾಸ್ಟಮಿ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಗಾಯ ಮುಚ್ಚಿಕೊಂಡರೆ ಕೆಲಸ ಮುಗಿಯಿತು. ಇಲ್ಲಿಯಾದರೋ ಬಾಯಿ ತೆರೆದೇ ಉಳಿಯಬೇಕು, ಅದರ ಅಂಚು ಮಾತ್ರ ಸುತ್ತಲಿನ ಚರ್ಮದೊಡನೆ ಒಂದಾಗಿ ಮಾಯಬೇಕು, ಅದೂ ಹಗಲಿರುಳು ಮಲ ಹರಿಯುವ ಜಾಗದಲ್ಲಿ. ಕರುಳನ್ನು ಜೀವಂತ ರೋಗಿಯ ಹೊಟ್ಟೆಯಿಂದ ಹೊರತರುವ ಕೌಶಲ 18ನೆಯ ಶತಮಾನದ ಕೊನೆಗೇ ಕೈಗೂಡಿತ್ತು, ಆದರೆ ಆ ಅಂಚನ್ನು ಮಾಯಿಸುವ ತಿಳಿವಳಿಕೆ 1950ರ ದಶಕದವರೆಗೂ ತಡವಾಯಿತು. ನಡುವಿನ ಒಂದೂವರೆ ಶತಮಾನದಲ್ಲಿ ಈ ರೋಗಿಗಳು ಪಟ್ಟ ಪಾಡಿನ ಬಹುಪಾಲು ಆ ತಡದಿಂದಲೇ ಬಂದದ್ದು.

ಈ ಶಸ್ತ್ರಚಿಕಿತ್ಸೆಯ ಬೇರನ್ನು ಪ್ರಾಚೀನ ಕಾಲದಲ್ಲಿ ಹುಡುಕುವವರು ಸಾಮಾನ್ಯವಾಗಿ ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ವೈದ್ಯ, ಕೋಸ್ ದ್ವೀಪದ ಪ್ರಾಕ್ಸಾಗೊರಸ್‌ನ ಹೆಸರನ್ನು ಹೇಳುತ್ತಾರೆ. ಕರುಳು ಕಟ್ಟಿಕೊಂಡ ರೋಗಿಯ ಹೊಟ್ಟೆಯನ್ನು ಸೀಳಿ ಆತ ಕರುಳನ್ನು ತೆರೆಯುತ್ತಿದ್ದನೆಂಬ ವರದಿ ಎಷ್ಟೋ ಶತಮಾನಗಳ ನಂತರದ ಲೇಖಕನಾದ ಕೇಲಿಯಸ್ ಔರೇಲಿಯಾನಸ್‌ನ ಬರಹದ ಮೂಲಕ ಉಳಿದುಬಂದಿದೆ. ಭಾರತದ ಸುಶ್ರುತ ಸಂಹಿತೆಯಲ್ಲಿ ತೂತುಬಿದ್ದ ಕರುಳನ್ನು ಹೊಕ್ಕುಳ ಕೆಳಗಿನ ಸೀಳಿನಿಂದ ಹೊರತೆಗೆದು, ತೂತಿನ ಅಂಚುಗಳನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ, ಇರುವೆಗಳ ಮೈಯನ್ನು ಕತ್ತರಿಸಿ ತಲೆಗಳನ್ನಷ್ಟೇ ಹೊಲಿಗೆಯಂತೆ ಉಳಿಸಿ, ಕರುಳನ್ನು ಮತ್ತೆ ಒಳಗಿಡುವ ಕ್ರಮದ ವಿವರಣೆಯಿದೆ. ಇದನ್ನೇ ಸ್ಟೋಮಾದ ಪೂರ್ವರೂಪವೆಂದು ಹೇಳುವುದು ಅತಿಶಯೋಕ್ತಿಯಾದೀತು, ಏಕೆಂದರೆ ಅಲ್ಲಿ ಕರುಳನ್ನು ಹೊರಗೆ ಬಿಡುವ ಮಾತೇ ಇಲ್ಲ. ಆದರೆ ಅದೇ ಸಂಹಿತೆಯು ವ್ರಣಕ್ಕೆ, ಅಂದರೆ ಗಾಯ ಹಾಗೂ ಹುಣ್ಣಿಗೆ, 60 ಉಪಕ್ರಮಗಳನ್ನು ಹೇಳುವಾಗ ಗಾಯವನ್ನು ಶುಚಿಗೊಳಿಸುವ ಶೋಧನ, ಮಾಯಿಸುವ ರೋಪಣಗಳಿಂದ ಹಿಡಿದು ಕಲೆಯ ಮೇಲೆ ಮತ್ತೆ ರೋಮ ಬೆಳೆಸುವ ಉಪಾಯದವರೆಗೆ ಸಾಗುತ್ತದೆ. ಗಾಯವನ್ನು ಬಹುದಿನಗಳ ಆರೈಕೆಯ ವಿಷಯವಾಗಿ ಕಂಡ ಆ ದೃಷ್ಟಿ ಯುರೋಪಿನ ಕರುಳು ಶಸ್ತ್ರವೈದ್ಯರಿಗೆ ದಕ್ಕಲು ಬಹಳ ಕಾಲ ಹಿಡಿಯಿತು.

ಯುರೋಪಿನಲ್ಲಿ ಮೊದಲ ಪಾಠವನ್ನು ಕಲಿಸಿದವು ಯುದ್ಧದ ಗಾಯಗಳು ಮತ್ತು ಬಿಗಿದುಕೊಂಡ ಅಂಡವಾಯುಗಳು. 1706ರ ರಾಮಿಯೀ ಕದನದಲ್ಲಿ ಹೊಟ್ಟೆಗೆ ಪೆಟ್ಟುಬಿದ್ದ ಸೈನಿಕನೊಬ್ಬನ ಕರುಳು ಹೊರಚಾಚಿ ಹಾಗೆಯೇ ಹೊಟ್ಟೆಯ ಗೋಡೆಗೆ ಅಂಟಿಕೊಂಡಿತು, ಆತ ಅದೇ ಸ್ಥಿತಿಯಲ್ಲಿ 14 ವರ್ಷ ಬದುಕಿದ. ಇಂಗ್ಲೆಂಡಿನ ವಿಲಿಯಂ ಚೆಸೆಲ್ಡನ್ ಹೊಕ್ಕುಳದ ಅಂಡವಾಯುವಿನಿಂದ ಕೊಳೆತ 26 ಅಂಗುಲ ಕರುಳನ್ನು ವೃದ್ಧೆಯೊಬ್ಬಳ ದೇಹದಿಂದ ತೆಗೆದು, ಉಳಿದ ತುದಿಯನ್ನು ಹೊರಗೆ ಬಿಟ್ಟಾಗ ಆಕೆಯೂ ಬದುಕಿದಳು. ಇಂತಹ ರೋಗಿಗಳನ್ನು ಕಂಡ ವೈದ್ಯರಿಗೆ, ಕರುಳು ತಾನಾಗಿಯೇ ಚರ್ಮಕ್ಕೆ ಕೂಡಿಕೊಂಡು ಬಾಯಿಯೊಂದನ್ನು ರಚಿಸಿಕೊಳ್ಳಬಲ್ಲದೆಂಬುದು ಸ್ಪಷ್ಟವಾಯಿತು. 1710ರಲ್ಲಿ ಪ್ಯಾರಿಸ್ಸಿನ ಅಲೆಕ್ಸಿಸ್ ಲಿಟ್ರೆ ಗುದದ್ವಾರವಿಲ್ಲದೆ ಹುಟ್ಟಿ ಸತ್ತ ಶಿಶುವಿನ ಶವವನ್ನು ಪರೀಕ್ಷಿಸಿದ ಮೇಲೆ, ಕರುಳನ್ನು ಹೊಟ್ಟೆಯ ಮೇಲ್ಮೈಗೆ ತಂದು ಸೇರಿಸಿದ್ದರೆ ಇಂತಹ ಮಗು ಉಳಿದೀತೆಂದು ಸೂಚಿಸಿದರು. ಆ ಸೂಚನೆಯನ್ನು ಕಾರ್ಯಕ್ಕಿಳಿಸಲು 66 ವರ್ಷ ಬೇಕಾಯಿತು.

1776ರಲ್ಲಿ ಫ್ರಾನ್ಸಿನ ರುವಾಂ ನಗರದ ಪಿಯೋರ್ ಎಂಬ ಶಸ್ತ್ರವೈದ್ಯರು ಗುದನಾಳದ ಗಂತಿಯಿಂದ ಕರುಳು ಕಟ್ಟಿಕೊಂಡಿದ್ದ ದ್ರಾಕ್ಷಾರಸದ ವ್ಯಾಪಾರಿಯೊಬ್ಬರ ದೊಡ್ಡ ಕರುಳಿನ ಆರಂಭದ ಚೀಲವನ್ನು, ಅಂದರೆ ಸೀಕಂ ಅನ್ನು, ತೆರೆದು ಹೊಟ್ಟೆಯ ಅಂಚಿಗೆ ಹೊಲಿದರು. ಸ್ಟೋಮಾದ ಮೇಲೆ ಸ್ಪಂಜನ್ನಿಟ್ಟು, ಪಟ್ಟಿಯಿಂದ ಬಿಗಿದು, ಹೊರಬಂದುದನ್ನು ಹೀರಿಸುವ ಏರ್ಪಾಡು ಮಾಡಲಾಯಿತು. ರೋಗಿ 28ನೆಯ ದಿನ ತೀರಿಕೊಂಡರು. ಆದರೆ ಸಾವಿಗೆ ಕಾರಣವಾದದ್ದು ಶಸ್ತ್ರಚಿಕಿತ್ಸೆಯಾಗಿರಲಿಲ್ಲ, ಅದಕ್ಕೆ ಮುಂಚೆ ಕಟ್ಟಿಕೊಂಡ ಕರುಳನ್ನು ಬಿಡಿಸಲೆಂದು ಕುಡಿಸಿದ್ದ ಎರಡು ಪೌಂಡಿನಷ್ಟು ಪಾದರಸ ಸಣ್ಣ ಕರುಳಿನಲ್ಲಿ ನಿಂತು ಅದನ್ನು ಕೊಳೆಸಿತ್ತು. ಆ 28 ದಿನಗಳ ಸ್ಪಂಜು ಈ ಚರಿತ್ರೆಯಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದುದು: ಸ್ಟೋಮಾದ ಸುತ್ತಲಿನ ಚರ್ಮವನ್ನು ಕಾಯುವ ಪ್ರಶ್ನೆ ಮೊದಲ ರೋಗಿಯೊಂದಿಗೇ ಎದುರಾಗಿತ್ತು.

ಪೂರ್ಣ ಯಶಸ್ಸು ದೊರೆತದ್ದು 1793ರಲ್ಲಿ, ಬ್ರೆಸ್ಟ್ ಬಂದರಿನ ದ್ಯುರೆ ಎಂಬ ವೈದ್ಯರಿಗೆ. ಗುದದ್ವಾರವಿಲ್ಲದೆ ಹುಟ್ಟಿದ ಮೂರು ದಿನದ ಶಿಶುವಿನ ಮೇಲೆ ಕೈಯಿಡುವ ಮುನ್ನ ಅವರು ಸತ್ತ ಮಗುವೊಂದರ ದೇಹದ ಮೇಲೆ ಅಭ್ಯಾಸ ಮಾಡಿಕೊಂಡರು, ಬಳಿಕ ಎಡಗಡೆಯ ಕೆಳಹೊಟ್ಟೆಯಿಂದ ಕರುಳನ್ನು ಹೊರಕ್ಕೆಳೆದು, ಅದು ಒಳಕ್ಕೆ ಜಾರದಂತೆ ಅದರ ಅಡಿಯಲ್ಲಿ ಮೇಣ ಸವರಿದ ಎರಡು ದಾರಗಳನ್ನು ಹಾಯಿಸಿದರು. ಆ ಮಗು 45 ವರ್ಷ ಬಾಳಿತು. ಆತ ಆ ವರ್ಷಗಳಲ್ಲಿ ಸ್ಟೋಮಾವನ್ನು ದಿನದಿನವೂ ಹೇಗೆ ನೋಡಿಕೊಂಡ, ಯಾರು ನೋಡಿಕೊಂಡರು, ಚರ್ಮ ಎಷ್ಟು ಸಲ ಸುಲಿಯಿತು ಎಂಬುದರತ್ತ ವೈದ್ಯಕೀಯ ಬರಹ ಗಮನ ಹರಿಸಲಿಲ್ಲ. ವರದಿಗಳು ದಾರ, ಸೂಜಿ, ಸೀಳುಗಳನ್ನು ವಿವರಿಸುತ್ತವೆ, ಆರೈಕೆಯನ್ನು ಮನೆಯವರಿಗೆ ಬಿಟ್ಟುಬಿಡುತ್ತವೆ. ಅದೇ ಶತಮಾನದ ಕೊನೆಯ ಫ್ರಾನ್ಸಿನಲ್ಲಿ ಗೂಟವೊಂದು ಹೊಕ್ಕು ಕರುಳು ಹರಿದ ಕೃಷಿಕನೊಬ್ಬ ಕೊಲಾಸ್ಟಮಿಯ ಬಳಿಕ ಸಣ್ಣ ತೊಗಲಿನ ಚೀಲದಲ್ಲಿ ಮಲವನ್ನು ಹಿಡಿದುಕೊಳ್ಳುತ್ತ ಮುಪ್ಪಿನವರೆಗೂ ಬಾಳಿದನೆಂಬ ದಾಖಲೆಯಿದೆ.

19ನೆಯ ಶತಮಾನದ ಮೊದಲರ್ಧದಲ್ಲಿ ಶಸ್ತ್ರವೈದ್ಯರ ಭಯವೆಲ್ಲ ಪೆರಿಟೋನಿಯಂ ಎಂಬ ಉದರಪೊರೆಯ ಸುತ್ತ ಸುತ್ತುತ್ತಿತ್ತು; ಹೊಟ್ಟೆಯ ಒಳಗೋಡೆಯನ್ನೂ ಕರುಳನ್ನೂ ಹೊದ್ದಿರುವ ಆ ತೆಳುಪೊರೆಗೆ ಸೋಂಕು ತಗಲಿದರೆ ಸಾವು ಬಹುಮಟ್ಟಿಗೆ ನಿಶ್ಚಿತವಾಗಿತ್ತು. 1838ರಲ್ಲಿ ಹೆಸರಾಂತ ವೈದ್ಯ ಬ್ರೂಸೆ ಗುದನಾಳದ ಕ್ಯಾನ್ಸರಿನಿಂದ ಮಡಿದುದನ್ನು ಕಂಡು ಮನನೊಂದ ಶಸ್ತ್ರವೈದ್ಯ ಅಮುಸಾ, ಉದರಪೊರೆಯನ್ನು ಮುಟ್ಟದೆ ಸೊಂಟದ ಹಿಂಭಾಗದಿಂದ ದೊಡ್ಡ ಕರುಳನ್ನು ಹೊರತರುವ ವಿಧಾನವನ್ನು ಮರುವರ್ಷವೇ ಪ್ರಕಟಿಸಿದರು. ವಿಧಾನ ಸುರಕ್ಷಿತವೆನಿಸಿತು, ಹಲವು ದಶಕ ಬಳಕೆಯಲ್ಲೂ ಉಳಿಯಿತು. ಆದರೆ ಬೆನ್ನಿನ ಬದಿಯಲ್ಲಿ ತೆರೆದ ಬಾಯಿಯನ್ನು ರೋಗಿ ಕಣ್ಣಿಂದ ನೋಡುವಂತಿರಲಿಲ್ಲ, ಸ್ವಂತ ಕೈಯಿಂದ ತೊಳೆಯುವಂತಿರಲಿಲ್ಲ. ಶಸ್ತ್ರವೈದ್ಯನ ಸುರಕ್ಷತೆಯ ಲೆಕ್ಕದಲ್ಲಿ ರೋಗಿಯ ಕೈಗೆ ಎಟಕುವುದೂ ಒಂದು ಅಂಶವೆಂಬುದು ಆಗ ಯಾರಿಗೂ ತೋರಲಿಲ್ಲ. 1846ರಲ್ಲಿ ಈಥರ್ ಅರಿವಳಿಕೆಯೂ 1867ರಲ್ಲಿ ಜೋಸೆಫ್ ಲಿಸ್ಟರ್ ಅವರ ಕಾರ್ಬಾಲಿಕ್ ಆಮ್ಲದ ನಂಜುನಿವಾರಕ ಕ್ರಮವೂ ಬಂದ ಮೇಲೆ ಹೊಟ್ಟೆಯನ್ನು ಮುಂದಿನಿಂದ ತೆರೆಯುವ ಧೈರ್ಯ ಮರಳಿತು, ಸ್ಟೋಮಾವೂ ಮುಂದಕ್ಕೆ ಬಂತು.

ಗಾಯ ಮಾಯುವ ಕ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ತಂತ್ರ ಬಹುಶಃ 1880ರ ದಶಕದಲ್ಲಿ ವಿಯೆನ್ನಾದಲ್ಲಿದ್ದ ಕಾರೆಲ್ ಮೈಡ್ಲ್ ಅವರದು. ಕರುಳಿನ ಒಂದು ಮಡಿಕೆಯನ್ನು ಹೊರಗೆಳೆದು, ಅದು ಹಿಂದಕ್ಕೆ ಜಾರದಂತೆ ಅದರ ಕೆಳಗೆ ಗಟ್ಟಿ ರಬ್ಬರಿನ ಕಡ್ಡಿಯನ್ನೋ ಹೆಬ್ಬಾತಿನ ಗರಿಯ ದಂಟನ್ನೋ ಅಡ್ಡಲಾಗಿ ತೂರಿಸಿ, ಕರುಳನ್ನು ಕೂಡಲೇ ಕತ್ತರಿಸದೆ ಕೆಲವು ದಿನ ಕಾದು, ಅದು ಹೊಟ್ಟೆಯ ಗೋಡೆಗೆ ಅಂಟಿ ಒಳಗಿನ ಪೊಳ್ಳು ಮುಚ್ಚಿಕೊಂಡ ಮೇಲಷ್ಟೇ ಬಾಯಿ ತೆರೆಯುವುದು ಅವರ ಕ್ರಮವಾಗಿತ್ತು. ಮಡಿಕೆಯ ಕೆಳಗೆ ಕಡ್ಡಿಯಿಡುವ ಪದ್ಧತಿ, ಕಡ್ಡಿ ಪ್ಲಾಸ್ಟಿಕ್ಕಿನದಾದರೂ, ಇಂದಿಗೂ ಹಲವು ಆಸ್ಪತ್ರೆಗಳಲ್ಲಿ ಕಾಣಸಿಗುತ್ತದೆ.

ಹೊಟ್ಟೆಯ ಮೇಲಿನ ಬಾಯಿಯ ಜೊತೆಗೇ ಮತ್ತೊಂದು ಗಾಯದ ಕಥೆಯೂ ಸೇರಿಕೊಂಡದ್ದು 1908ರಲ್ಲಿ. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಅವರು ಗುದನಾಳದ ಕ್ಯಾನ್ಸರನ್ನು ಕೆಳಗಿನಿಂದಷ್ಟೇ ತೆಗೆದ ತಮ್ಮ 57 ರೋಗಿಗಳಲ್ಲಿ 54 ಮಂದಿಗೆ ರೋಗ ಮರುಕಳಿಸಿದುದನ್ನು ನಿಷ್ಠುರವಾಗಿ ಎಣಿಸಿ ಹೇಳಿ, ಹೊಟ್ಟೆಯಿಂದಲೂ ಕೆಳಗಿನಿಂದಲೂ ಸೇರಿ ಗುದನಾಳವನ್ನು ಗುದದ್ವಾರ ಸಮೇತ ತೆಗೆದುಹಾಕಿ ಶಾಶ್ವತ ಕೊಲಾಸ್ಟಮಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಮೊದಲ 12 ರೋಗಿಗಳಲ್ಲಿ 5 ಮಂದಿ ಸತ್ತರು. ಉಳಿದವರಿಗೆ ಪೆರಿನಿಯಂನಲ್ಲಿ, ಅಂದರೆ ಎರಡು ತೊಡೆಗಳ ನಡುವೆ ಗುದವಿದ್ದ ಜಾಗದಲ್ಲಿ, ಅಂಗೈ ಇಳಿಯುವಷ್ಟು ಆಳವಾದ ಗುಹೆ ಉಳಿಯುತ್ತಿತ್ತು. ಅದನ್ನು ಬಟ್ಟೆಯ ತುಂಡುಗಳಿಂದ ತುಂಬಿ, ತಳದಿಂದ ಕೆಂಪು ಮಾಂಸಾಂಕುರ ಬೆಳೆದು ಮೇಲಕ್ಕೆ ತುಂಬಿಕೊಳ್ಳುವವರೆಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಕೂರಲಾಗದ, ದಿನಕ್ಕೆ ಎರಡು ಮೂರು ಬಾರಿ ಬಟ್ಟೆ ಬದಲಿಸಬೇಕಾದ ಆ ತಿಂಗಳುಗಳು ಶಸ್ತ್ರಚಿಕಿತ್ಸೆಯ ಯಶಸ್ಸಿನ ಅಂಕಿಗಳಲ್ಲಿ ಎಲ್ಲೂ ಕಾಣುವುದಿಲ್ಲ. ನಂತರದ ಪೀಳಿಗೆ ಗಾಯವನ್ನು ಹೊಲಿದು ಮುಚ್ಚಿ, ಒಳಗೆ ಸೇರುವ ರಕ್ತ ಮತ್ತು ನೀರನ್ನು ನಳಿಕೆಯಿಂದ ಹೀರುವ ಕ್ರಮಕ್ಕೆ ಬಂತು, ಅದರಿಂದ ಬಹಳ ಮಂದಿಗೆ ಅನುಕೂಲವಾಯಿತು. ಆದರೆ ಕ್ಯಾನ್ಸರಿಗೆ ಮುಂಚಿತವಾಗಿಯೇ ವಿಕಿರಣ ಕೊಡುವ ಪದ್ಧತಿ ಬಂದಾಗ, ವಿಕಿರಣದಿಂದ ಸಣ್ಣ ರಕ್ತನಾಳಗಳು ಸೊರಗಿದ ಚರ್ಮ ಹೊಲಿಗೆಯನ್ನು ಹಿಡಿದುಕೊಳ್ಳದೆ ಬಿಚ್ಚಿಕೊಳ್ಳತೊಡಗಿತು. ಕ್ರೋನ್ಸ್ ರೋಗದಂತಹ ಕರುಳಿನ ದೀರ್ಘ ಉರಿಯೂತಕ್ಕಾಗಿ ಗುದನಾಳ ತೆಗೆಸಿಕೊಂಡವರಲ್ಲಿ ಕೆಲವರಿಗೆ ಆರು ತಿಂಗಳು ಕಳೆದರೂ ಮುಚ್ಚದ ಕಿರುಸುರಂಗ ಉಳಿಯುತ್ತಿತ್ತು. 1977ರಲ್ಲಿ ಲಿಟಲ್ ಮತ್ತು ಪಾರ್ಕ್ಸ್ ಅವರು ಗುದವನ್ನು ಬಿಗಿಹಿಡಿಯುವ ಎರಡು ಸ್ನಾಯುವಲಯಗಳ ನಡುವಿನ ಜಾಡಿನಲ್ಲಿ ಸಾಗಿ, ಹೊರಗಿನ ಸ್ನಾಯುವನ್ನು ಉಳಿಸಿಕೊಂಡು, ಅದನ್ನೇ ಎಳೆದು ಗಾಯವನ್ನು ತುಂಬಿಸುವ ವಿಧಾನವನ್ನು ವಿವರಿಸಿದುದು ಆ ರೋಗಿಗಳ ಪಾಲಿಗೆ ದೊಡ್ಡ ಉಪಕಾರ. ಈಗ ದೊಡ್ಡ ಗುಹೆಗಳಿಗೆ ತೊಡೆಯಿಂದ ಅಥವಾ ಹೊಟ್ಟೆಯಿಂದ ರಕ್ತನಾಳ ಸಮೇತ ಸ್ನಾಯುವನ್ನು ತಿರುಗಿಸಿ ತಂದು ತುಂಬುವುದೂ ಉಂಟು.

ಇಲಿಯಾಸ್ಟಮಿಯ ಕಥೆ ಇನ್ನೂ ಕಠಿಣವಾದುದು, ಈ ಚರಿತ್ರೆಯ ತಿರುವು ಇರುವುದೂ ಅಲ್ಲಿಯೇ. ದೊಡ್ಡ ಕರುಳಿನ ಕೊನೆಯಿಂದ ಬರುವ ಮಲ ಗಟ್ಟಿಯಾಗಿರುವುದರಿಂದ ಚರ್ಮ ಅದನ್ನು ಹೇಗೋ ತಾಳಿಕೊಳ್ಳುತ್ತದೆ; ಇಲಿಯಂನಿಂದ ಬರುವುದಾದರೋ ತೆಳು, ಕ್ಷಾರೀಯ, ಪ್ರೋಟೀನನ್ನು ಕರಗಿಸುವ ಜೀರ್ಣರಸಗಳಿಂದ ತುಂಬಿದುದು. ತುಸು ಆಮ್ಲೀಯವಾಗಿದ್ದು ಅದರಿಂದಲೇ ರಕ್ಷಣೆ ಪಡೆಯುವ ಚರ್ಮದ ಮೇಲೆ ಆ ದ್ರವ ಕೆಲವು ಗಂಟೆ ನಿಂತರೆ ಸಾಕು, ಜೀರ್ಣರಸ ಆಹಾರಕ್ಕೆ ಮಾಡುವುದನ್ನೇ ಚರ್ಮಕ್ಕೂ ಮಾಡುತ್ತದೆ. 1913ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಜಾನ್ ಯಂಗ್ ಬ್ರೌನ್ ಅವರು ದೊಡ್ಡ ಕರುಳಿನ ಹುಣ್ಣುರೋಗಕ್ಕೆ ಇಲಿಯಾಸ್ಟಮಿಯನ್ನು ಪ್ರಚಾರಕ್ಕೆ ತಂದಾಗ ಇಲಿಯಂನ ತುದಿಯನ್ನು ಹೊಟ್ಟೆ ಸೀಳಿದ ಗಾಯದ ಕೆಳತುದಿಯಿಂದಲೇ ಹೊರತಂದು, ಎರಡು ಮೂರು ಅಂಗುಲ ಚಾಚಿಸಿ, ಅದರೊಳಗೆ ನಳಿಕೆಯಿಟ್ಟು ಹೊಲಿದಿದ್ದರು. ನಳಿಕೆ ಕೆಲವೇ ದಿನಗಳಲ್ಲಿ ಸಡಿಲವಾಗಿ ಜಾರಿದ ಮೇಲೆ ದ್ರವವೆಲ್ಲ ಹಸಿಗಾಯದ ಮೇಲೆಯೇ ಹರಿಯುತ್ತಿತ್ತು. ಸತುವಿನ ಆಕ್ಸೈಡಿನ ಮುಲಾಮು, ಅಲ್ಯೂಮಿನಿಯಂ ಲೇಪ, ಕೇಯೋಲಿನ್ ಎಂಬ ಬಿಳಿಜೇಡಿಯ ಪುಡಿ, ಜೇನುಮೇಣ ಹೀಗೆ ಕೈಗೆ ಸಿಕ್ಕ ಎಲ್ಲವನ್ನೂ ಚರ್ಮಕ್ಕೆ ಬಳಿಯಲಾಯಿತು. ಯಾವುದೂ ಒದ್ದೆಯಾದ ಮೈಗೆ ಬಹಳ ಹೊತ್ತು ಅಂಟಿ ನಿಲ್ಲಲಿಲ್ಲ.

ಅದಕ್ಕಿಂತ ವಿಚಿತ್ರವಾದ ತೊಡಕೊಂದು ಈ ರೋಗಿಗಳನ್ನು ಕಾಡುತ್ತಿತ್ತು. ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಿಗೆ ಸ್ಟೋಮಾ ಬಾತುಕೊಂಡು, ಹೊಟ್ಟೆ ಹಿಡಿದುಕೊಂಡು ನೋಯುತ್ತ, ಅದರ ಜೊತೆಯಲ್ಲೇ ಲೀಟರುಗಟ್ಟಲೆ ನೀರು ಸುರಿದುಹೋಗಿ, ಉಪ್ಪು ಮತ್ತು ನೀರಿನ ಕೊರತೆಯಿಂದ ರೋಗಿ ಕುಸಿಯುತ್ತಿದ್ದ. 1951ರಲ್ಲಿ ಬಾಸ್ಟನ್ನಿನ ವಾರೆನ್ ಮತ್ತು ಮೆಕಿಟ್ರಿಕ್ ಇದಕ್ಕೆ ಇಲಿಯಾಸ್ಟಮಿಯ ಕಾರ್ಯಲೋಪ ಎಂಬ ಅರ್ಥದ ಹೆಸರಿಟ್ಟು, ಕರುಳು ಹೊಟ್ಟೆಯ ಗೋಡೆಯನ್ನು ದಾಟುವಲ್ಲಿ ಕಟ್ಟಿಕೊಳ್ಳುವುದೇ ಕಾರಣವೆಂದು ಗುರುತಿಸಿದರು. ಕಟ್ಟಿಕೊಳ್ಳುವುದಾದರೂ ಏಕೆ ಎಂಬುದಕ್ಕೆ ಉತ್ತರ ಗಾಯದ ಅಂಚಿನಲ್ಲಿತ್ತು. ಹೊರಚಾಚಿದ ಕರುಳಿನ ಹೊರಮೈ ಸೀರೋಸ ಎಂಬ ನುಣುಪು ಪೊರೆಯದು. ಅದು ಹೊಟ್ಟೆಯೊಳಗಿನ ತೇವದಲ್ಲಿರಲು ಹುಟ್ಟಿದ್ದೇ ಹೊರತು ಗಾಳಿಗೂ ಮಲಕ್ಕೂ ಮೈಯೊಡ್ಡಲು ಅಲ್ಲ. ಹೊರಬಂದ ಆ ಪೊರೆ ಹೊಟ್ಟೆಯೊಳಗಿನ ಸೋಂಕಿನಲ್ಲಿ ಉರಿಯುವಂತೆಯೇ ಹೊರಗೂ ಉರಿದು, ದಪ್ಪಗಟ್ಟಿ, ಒಳಗಿನ ಸ್ನಾಯುವನ್ನು ಬಿಗಿದು ನಿಲ್ಲಿಸುತ್ತಿತ್ತು. ದೇಹ ತನ್ನಷ್ಟಕ್ಕೆ ಬಿಟ್ಟರೆ ನಾಲ್ಕರಿಂದ ಆರು ವಾರಗಳಲ್ಲಿ ಕರುಳಿನ ಒಳಪದರವಾದ ಲೋಳೆಪೊರೆ ಮೆಲ್ಲಗೆ ಹೊರಕ್ಕೆ ಮಗುಚಿಕೊಂಡು ಬಂದು ಚರ್ಮವನ್ನು ಸೇರಿ ಆ ಹಸಿಮೈಯನ್ನು ಮುಚ್ಚುತ್ತಿತ್ತು; ಶಸ್ತ್ರವೈದ್ಯರು ಇದನ್ನು ಸ್ಟೋಮಾ ಪಕ್ವವಾಗುವುದು ಎನ್ನುತ್ತಿದ್ದರು. ಆ ವಾರಗಳನ್ನು ದಾಟಿದವರು ಬದುಕಿದರು.

ಶಿಕಾಗೋದ ಲೆಸ್ಟರ್ ಡ್ರ್ಯಾಗ್‌ಸ್ಟೆಡ್ 1941ರಲ್ಲಿಯೇ ಹೊರಚಾಚಿದ ಕರುಳಿಗೆ ಚರ್ಮದ ಕಸಿ ಹೊದಿಸಿ ನೋಡಿದ್ದರು. ಕೊಲಾಸ್ಟಮಿಯಲ್ಲಿ ಲೋಳೆಪೊರೆಯನ್ನು ಮೊದಲ ದಿನವೇ ಚರ್ಮಕ್ಕೆ ಹೊಲಿದುಬಿಡಬೇಕೆಂದು ಲಂಡನ್ನಿನ ಡೇವಿಡ್ ಪೇಟಿ 1951ರಲ್ಲಿ ವಾದಿಸಿದರು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ ಇಲಿಯಾಸ್ಟಮಿಯ ನಿರ್ವಹಣೆ ಮತ್ತು ತೊಡಕುಗಳ ಬಗ್ಗೆ ಬರೆದ ಲೇಖನದಲ್ಲಿ, ಕರುಳಿನ ತುದಿಯನ್ನು ಅಂಗಿಯ ತೋಳನ್ನು ಮಡಚುವಂತೆ ಹೊರಕ್ಕೆ ಮಗುಚಿ, ಲೋಳೆಪೊರೆಯನ್ನು ಚರ್ಮಕ್ಕೆ ನೇರವಾಗಿ ಹೊಲಿಯುವ ಸರಳ ಉಪಾಯವನ್ನು ಕೆಲವೇ ಸಾಲುಗಳಲ್ಲಿ ಹೇಳಿದರು. ಆರು ವಾರಗಳಲ್ಲಿ ದೇಹ ತಾನೇ ನರಳುತ್ತ ಮಾಡಿಕೊಳ್ಳುತ್ತಿದ್ದುದನ್ನು ಶಸ್ತ್ರವೈದ್ಯ ಕೆಲವು ನಿಮಿಷಗಳಲ್ಲಿ ಮಾಡಿಬಿಡುವುದು ಸಾಧ್ಯವಾಯಿತು. ಹಸಿಮೈ ಹೊರಗುಳಿಯಲೇ ಇಲ್ಲ, ಮೊಗ್ಗಿನಂತೆ ತುಸು ಚಾಚಿನಿಂತ ಸ್ಟೋಮಾ ದ್ರವವನ್ನು ಚರ್ಮದಿಂದ ದೂರಕ್ಕೆ ಸುರಿಯಿತು. ಅದೇ ಹೊತ್ತಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ರೂಪರ್ಟ್ ಟರ್ನ್‌ಬುಲ್ ಕರುಳಿನ ಹೊರಪದರವನ್ನು ಸುಲಿದು ಲೋಳೆಪೊರೆಯನ್ನು ಕಸಿಯಂತೆ ಹೊದಿಸುವ ವಿಧಾನವನ್ನು ರೂಪಿಸಿದ್ದರು. ಕಾರ್ಯಲೋಪದ ಕಾರಣವನ್ನು ಬಿಡಿಸಿಟ್ಟ ಅವರ ಮತ್ತು ಜಾರ್ಜ್ ಕ್ರೈಲ್ ಅವರ ಲೇಖನ 1954ರಲ್ಲಿ ಬಂತು. ಮೈಲ್ಸ್ ಅವರ ಶಸ್ತ್ರಚಿಕಿತ್ಸೆಯಷ್ಟು ಭವ್ಯವಲ್ಲದ ಈ ಹೊಲಿಗೆಯೇ ಇಲಿಯಾಸ್ಟಮಿಯನ್ನು ಬಾಳಬಹುದಾದ ಸ್ಥಿತಿಯನ್ನಾಗಿ ಮಾಡಿತೆಂಬುದರಲ್ಲಿ ಸಂಶಯವಿಲ್ಲ.

ಅಂಚು ಮಾಯುವುದು ಖಚಿತವಾದ ಮೇಲೂ ಸುತ್ತಲಿನ ಚರ್ಮದ ಪ್ರಶ್ನೆ ಉಳಿದೇ ಇತ್ತು. ಶಿಕಾಗೋದ ಶಸ್ತ್ರವೈದ್ಯ ಆಲ್ಫ್ರೆಡ್ ಸ್ಟ್ರಾಸ್ ಅವರ ರೋಗಿಯಾಗಿದ್ದ ಕೋನಿಗ್ ಎಂಬ ರಸಾಯನಶಾಸ್ತ್ರದ ವಿದ್ಯಾರ್ಥಿ ತನಗಾಗಿಯೇ ಒಂದು ರಬ್ಬರಿನ ಚೀಲವನ್ನು ರೂಪಿಸಿ ಲ್ಯಾಟೆಕ್ಸ್ ಅಂಟಿನಿಂದ ಮೈಗೆ ಅಂಟಿಸಿಕೊಂಡ, ರುಟ್ಜೆನ್ ಎಂಬ ತಯಾರಕರು ಅದನ್ನು ಇತರರಿಗೂ ದೊರಕಿಸಿದರು. ಆದರೆ ಆ ಅಂಟನ್ನು ಬಿಡಿಸುವಾಗ ನೊಂದ ಚರ್ಮ ಇನ್ನಷ್ಟು ಕಿತ್ತುಬರುತ್ತಿತ್ತು. ಹಸಿಯಾದ, ನೀರೂರುವ ಚರ್ಮಕ್ಕೇ ಅಂಟಿಕೊಂಡು ಅದನ್ನು ಕಾಯುವ ವಸ್ತು ಬೇಕಿತ್ತು, 1952ರಲ್ಲಿ ಟರ್ನ್‌ಬುಲ್ ಅದನ್ನು ಕಂಡುಕೊಂಡದ್ದು ಕೃತಕ ದಂತಪಂಕ್ತಿಯನ್ನು ವಸಡಿಗೆ ಹಿಡಿಸಲು ಬಳಸುತ್ತಿದ್ದ ಕರಾಯ ಎಂಬ ಮರದಂಟಿನ ಪುಡಿಯಲ್ಲಿ. ಒದ್ದೆಯಾದಷ್ಟೂ ಉಬ್ಬಿ ಲೋಳೆಯಾಗಿ ಬಿಗಿಯಾಗಿ ಹಿಡಿಯುವ ಆ ಪುಡಿಯನ್ನು ಸುಲಿದ ಚರ್ಮದ ಮೇಲೆ ಉದುರಿಸಿದರೆ ಅದು ನೀರನ್ನು ಹೀರಿ ಪದರವಾಗಿ ನಿಂತು, ಅಡಿಯಲ್ಲಿ ಚರ್ಮ ಮಾಯಲು ಅವಕಾಶ ಕೊಡುತ್ತಿತ್ತು. ಮುಂದೆ ಅದನ್ನು ಗ್ಲಿಸರಿನ್ನಿನೊಡನೆ ಕಲಸಿ ಸ್ಟೋಮಾದ ಸುತ್ತ ಕೂರುವ ಉಂಗುರಗಳನ್ನಾಗಿ ಮಾಡಲಾಯಿತು.

ಈ ಅಂಟು ಹೊರಟದ್ದು ಭಾರತದ ಕಾಡುಗಳಿಂದ. ಕರಾಯ ಕೊಡುವ ಮರದ ಶಾಸ್ತ್ರೀಯ ಹೆಸರು ಸ್ಟರ್ಕ್ಯುಲಿಯ ಯುರೆನ್ಸ್. ಆಂಧ್ರ, ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತುಗಳ ಕಲ್ಲುಗುಡ್ಡಗಳಲ್ಲಿಯೂ ಕರ್ನಾಟಕದ ಎಲೆಯುದುರುವ ಒಣಕಾಡುಗಳಲ್ಲಿಯೂ ಬೆಳೆಯುವ ಈ ಮರ ಎಲೆಯುದುರಿದ ಬೇಸಿಗೆಯಲ್ಲಿ ಬೆಳ್ಳನೆಯ ತೊಗಟೆಯಿಂದ ದೂರಕ್ಕೇ ಹೊಳೆಯುತ್ತದೆ. ಯುರೆನ್ಸ್ ಎಂದರೆ ಲ್ಯಾಟಿನ್ನಿನಲ್ಲಿ ಸುಡುವಂಥದು, ಮರದ ಮೇಲಿನ ಚುಚ್ಚುವ ರೋಮಗಳಿಂದ ಬಂದ ಹೆಸರು. ಸುಡುವ ಮರವೆಂದು ಹೆಸರು ಪಡೆದುದರ ಅಂಟು ಸುಟ್ಟಂತಾದ ಚರ್ಮಕ್ಕೆ ಹಿತವಾಯಿತು. ನಲ್ಲಮಲ ಬೆಟ್ಟಗಳ ಚೆಂಚು ಜನರಂತಹ ಆದಿವಾಸಿಗಳು ತೊಗಟೆಯನ್ನು ಕೆತ್ತಿ, ಒಸರಿ ಗಟ್ಟಿಯಾದ ಅಂಟನ್ನು ಕೆಲವು ದಿನಗಳಿಗೊಮ್ಮೆ ಬಿಡಿಸಿ, ತೊಗಟೆಯ ಚೂರುಗಳನ್ನು ಆರಿಸಿ, ಬಣ್ಣದ ಮೇಲೆ ವಿಂಗಡಿಸಿ ಮಾರುತ್ತಾರೆ. ಆಂಧ್ರಪ್ರದೇಶದಲ್ಲಿ 1956ರಲ್ಲಿ ಸ್ಥಾಪನೆಯಾದ ಗಿರಿಜನ ಸಹಕಾರ ನಿಗಮ ಅದನ್ನು ಕೊಳ್ಳುವ ಮುಖ್ಯ ಸಂಸ್ಥೆಯಾಯಿತು. ಹೆಚ್ಚು ಅಂಟಿನಾಸೆಗೆ ಕೊಡಲಿಯಿಂದ ಆಳವಾಗಿ ಅಗಲವಾಗಿ ಕೆತ್ತಿದ ಮರಗಳ ಗಾಯ ಮುಚ್ಚದೆ, ಕೊಳೆತು, ಮರಗಳೇ ಸಾಯತೊಡಗಿದಾಗ, ತೊಗಟೆಯನ್ನು ತೆಳುವಾಗಿಯೂ ಕಿರಿದಾಗಿಯೂ ಕೆತ್ತಿ, ಗಾಯ ಮಾಯಲು ಮರಕ್ಕೆ ಬಿಡುವು ಕೊಡುವ ಕ್ರಮವನ್ನು ಸಂಗ್ರಾಹಕರಿಗೆ ಕಲಿಸಬೇಕಾಯಿತು. ಸ್ಟೋಮಾದ ಚರಿತ್ರೆ ಬರೆದವರು ಟರ್ನ್‌ಬುಲ್ ಅವರ ಕಣ್ಣಿನ ಚುರುಕನ್ನು ಮೆಚ್ಚುತ್ತಾರೆ, ಅದು ನ್ಯಾಯವೇ. ಆದರೆ ಆ ಪುಡಿಯನ್ನು ಕಾಡಿನಲ್ಲಿ ಕೈಯಾರೆ ಆರಿಸಿದವರ ಉಲ್ಲೇಖವೂ ಅದೇ ಪುಟದಲ್ಲಿ ಇರಬೇಕಾದದ್ದು.

ಕ್ಲೀವ್‌ಲ್ಯಾಂಡಿನಲ್ಲಿ ಇನ್ನೊಂದು ಹೊಸತೂ ಮೊದಲಾಯಿತು. ಒಹಾಯೋ ರಾಜ್ಯದ ಆಕ್ರನ್ ಊರಿನ ನಾರ್ಮಾ ಗಿಲ್ ಎಂಬ ಗೃಹಿಣಿ ವರ್ಷಗಟ್ಟಲೆ ಕರುಳಿನ ಹುಣ್ಣುರೋಗದಿಂದ ನರಳಿ 1954ರಲ್ಲಿ ಟರ್ನ್‌ಬುಲ್ ಅವರಿಂದ ಇಲಿಯಾಸ್ಟಮಿ ಮಾಡಿಸಿಕೊಂಡು ಚೇತರಿಸಿಕೊಂಡ ಮೇಲೆ, ತಮ್ಮಂತೆ ಚರ್ಮ ಸುಲಿದು, ಚೀಲ ಜಾರಿ, ಮನೆ ಬಿಟ್ಟು ಹೊರಬರಲು ಹೆದರಿದ್ದವರಿಗೆ ಸ್ವಂತ ಅನುಭವದಿಂದ ದಾರಿ ತೋರತೊಡಗಿದರು. ನರ್ಸಿಂಗ್ ಓದದ ಈ ಮಹಿಳೆಯನ್ನು ಟರ್ನ್‌ಬುಲ್ 1958ರಲ್ಲಿ ಆಸ್ಪತ್ರೆಯ ಕೆಲಸಕ್ಕೆ ಸೇರಿಸಿಕೊಂಡು, ಕರುಳಿನ ಬಾಯಿಯ ಆರೈಕೆ ಮಾಡುವವರು ಎಂಬ ಅರ್ಥದ ಎಂಟರೋಸ್ಟೋಮಲ್ ಥೆರಪಿಸ್ಟ್ ಎಂಬ ಹೆಸರನ್ನು ಆ ಕೆಲಸಕ್ಕೆ ಕೊಟ್ಟರು. 1961ರಲ್ಲಿ ಅದರ ಶಿಕ್ಷಣವೂ ಅಲ್ಲಿ ಆರಂಭವಾಯಿತು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ಮಲಗಿಸಿ, ಕೂರಿಸಿ, ಬಗ್ಗಿಸಿ, ನಿಲ್ಲಿಸಿ, ಹಳೆಯ ಕಲೆ, ಹೊಕ್ಕುಳು, ಸೊಂಟದ ಮೂಳೆ, ಮಡಿಕೆಗಳಿಂದ ದೂರವಾಗಿಯೂ ರೋಗಿಯ ಕಣ್ಣಿಗೆ ಕಾಣುವಂತೆಯೂ ಇರುವ ಜಾಗವನ್ನು ಮಸಿಯಿಂದ ಗುರುತಿಸುವ ಪದ್ಧತಿಯನ್ನು ಈ ವೃತ್ತಿ ನೆಲೆಗೊಳಿಸಿತು. ಮಡಿಕೆಯಲ್ಲಿ ಕೂತ ಸ್ಟೋಮಾ ಸೋರುತ್ತದೆ, ಸೋರಿದಲ್ಲಿ ಚರ್ಮ ಸುಲಿಯುತ್ತದೆ, ಸುಲಿದ ಚರ್ಮಕ್ಕೆ ಚೀಲ ಅಂಟುವುದಿಲ್ಲ, ಅಂಟದ್ದರಿಂದ ಇನ್ನೂ ಸೋರುತ್ತದೆ. ಈ ಸುಳಿಯನ್ನು ತಡೆಯುವ ಅಗ್ಗದ ಉಪಾಯ ಆ ಮಸಿಯ ಚುಕ್ಕೆ. ರೋಗಿಗಳೇ ಕಟ್ಟಿಕೊಂಡ ಕೂಟಗಳೂ ಇದೇ ಕಾಲದವು: ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ಯೂ ಮತ್ತು ಟಿ ಎಂಬ ಎರಡು ವಾರ್ಡುಗಳ ಹೆಸರನ್ನೇ ಇಟ್ಟುಕೊಂಡ ಕೂಟ, ಬ್ರಿಟನ್ನಿನಲ್ಲಿ 1956ರ ಇಲಿಯಾಸ್ಟಮಿ ಸಂಘ, ಅಮೆರಿಕದಲ್ಲಿ 1962ರ ಸಂಯುಕ್ತ ಸಂಘ. 1978ರಲ್ಲಿ ಇಟಲಿಯ ಮಿಲಾನಿನಲ್ಲಿ ಈ ವೃತ್ತಿಯವರ ಜಾಗತಿಕ ಮಂಡಳಿ ಸ್ಥಾಪನೆಯಾದಾಗ ನಾರ್ಮಾ ಗಿಲ್ ಅದರ ಮೊದಲ ಅಧ್ಯಕ್ಷೆಯಾದರು.

ಡೆನ್ಮಾರ್ಕಿನಲ್ಲಿ 1954ರಲ್ಲಿ ಎಲಿಸೆ ಸೊರೆನ್ಸೆನ್ ಎಂಬ ನರ್ಸ್, ಕೊಲಾಸ್ಟಮಿಯಾದ ತಂಗಿ ಸೋರಿಕೆಯ ಅಂಜಿಕೆಯಿಂದ ಮನೆಯಿಂದ ಹೊರಬಾರದಿದ್ದುದನ್ನು ಕಂಡು, ಅಂಟಿನಂಚಿನ, ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದ್ದು ಈಗ ಎಲ್ಲೆಡೆ ಬಳಕೆಯಲ್ಲಿರುವ ಚೀಲದ ಮೂಲ. ಕರಾಯಕ್ಕೆ ತನ್ನದೇ ಕೊರತೆಗಳಿದ್ದವು: ಶಾಖಕ್ಕೂ ಮೂತ್ರಕ್ಕೂ ಬೇಗ ಕರಗುತ್ತಿತ್ತು, ಅದರ ಆಮ್ಲಗುಣದಿಂದ ಹಸಿಚರ್ಮ ಚುರುಗುಟ್ಟುತ್ತಿತ್ತು. ಬಾಯಿಹುಣ್ಣಿನ ಮೇಲೆ ನಿಲ್ಲುವ ಲೇಪಕ್ಕಾಗಿ ಸ್ಕ್ವಿಬ್ ಕಂಪನಿ ಜೆಲಟಿನ್, ಪೆಕ್ಟಿನ್, ಸೆಲ್ಯುಲೋಸುಗಳಿಂದ ರೂಪಿಸಿದ್ದ ಮಿಶ್ರಣ ಹಾಳೆಯ ರೂಪ ತಾಳಿ, ಸ್ಟೋಮಾದ ಸುತ್ತ ಕರಾಯದ ಜಾಗವನ್ನು ಹಿಡಿಯಿತು; ನೀರನ್ನು ಹೀರಿ ಜೆಲ್ಲಾಗುವ ಈ ಬಗೆಯ ವಸ್ತುವಿಗೆ ಹೈಡ್ರೊಕೊಲಾಯ್ಡ್ ಎಂದು ಹೆಸರು. 1962ರಲ್ಲಿ ಜಾರ್ಜ್ ವಿಂಟರ್ ಅವರು ಹಂದಿಗಳ ಮೇಲಿನ ಪ್ರಯೋಗದಿಂದ, ತೆಳುಹಾಳೆ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸಚರ್ಮವು ಹಕ್ಕಳೆಗಟ್ಟಿದ ಒಣಗಾಯಕ್ಕಿಂತ ಸುಮಾರು ಇಮ್ಮಡಿ ವೇಗದಲ್ಲಿ ಹರಡುವುದನ್ನು ತೋರಿಸಿದ್ದರು. ಸ್ಟೋಮಾದ ಹಾಳೆಯ ಅಡಿಯಲ್ಲಿ ಸುಲಿದ ಚರ್ಮ ಬೇಗ ಮಾಯುತ್ತಿದ್ದುದರ ಅರ್ಥ ಅದರಿಂದ ತಿಳಿಯಿತು, 1980ರ ದಶಕದಲ್ಲಿ ಅದೇ ವಸ್ತು ಹಾಸಿಗೆಹುಣ್ಣು ಮತ್ತು ಕಾಲಿನ ಹುಣ್ಣುಗಳ ಪಟ್ಟಿಯಾಗಿ ಹರಡಿತು. ಸ್ಟೋಮಾದ ಆರೈಕೆಯವರು ಎಲ್ಲ ಬಗೆಯ ಗಾಯಗಳ ತಜ್ಞರಾದದ್ದೂ ಇದೇ ದಾರಿಯಲ್ಲಿ; ಅಮೆರಿಕದ ಅವರ ಸಂಘ 1992ರಲ್ಲಿ ತನ್ನ ಹೆಸರಿನಲ್ಲಿಯೇ ಗಾಯ ಎಂಬ ಪದವನ್ನು ಮೊದಲಿಗಿಟ್ಟುಕೊಂಡಿತು.

ಬ್ರೂಕ್ ಅವರ ಹೊಲಿಗೆ ಎಲ್ಲರಲ್ಲೂ ಹಿಡಿಯುವುದಿಲ್ಲ. ಕರುಳು ಬಿಗಿಯಾಗಿ ಎಳೆದುಕೊಂಡಿದ್ದರೆ, ಅದರ ತುದಿಗೆ ರಕ್ತ ಸಾಲದಿದ್ದರೆ, ಹೊಲಿಗೆಯ ಕೆಳಗೆ ಕೀವು ಕಟ್ಟಿದರೆ, ರೋಗಿಗೆ ಸಕ್ಕರೆ ಕಾಯಿಲೆ, ಅಪೌಷ್ಟಿಕತೆ ಅಥವಾ ಸ್ಟೀರಾಯ್ಡ್ ಸೇವನೆ ಇದ್ದರೆ, ಲೋಳೆಪೊರೆ ಚರ್ಮದಿಂದ ಬಿಟ್ಟುಕೊಂಡು ಸ್ಟೋಮಾದ ಸುತ್ತ ಕಂದಕ ಬೀಳುತ್ತದೆ. ಮತ್ತೆ ಹೊಲಿದರೆ ಸೋಂಕು ಒಳಗೇ ಸಿಕ್ಕಿಕೊಳ್ಳುವುದರಿಂದ ಸಾಮಾನ್ಯವಾಗಿ ಆ ಕಂದಕವನ್ನು ತೊಳೆದು, ಹೀರುವ ಪುಡಿಯಿಂದಲೋ ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಳೆಗಳಿಂದಲೋ ತುಂಬಿ, ಮೇಲೆ ಹಾಳೆ ಮುಚ್ಚಿ, ಮಲ ಒಳನುಗ್ಗದಂತೆ ಚೀಲವನ್ನು ಕೂರಿಸುತ್ತಾರೆ. ಗಾಯ ತಳದಿಂದ ತುಂಬಿಕೊಂಡು ಬರುತ್ತದೆ, ಕೆಲವೊಮ್ಮೆ ಕಲೆ ಬಿಗಿದು ಬಾಯಿ ಕಿರಿದಾಗುವುದೂ ಉಂಟು. ದೊಡ್ಡದಾಗಿ ಬಿಚ್ಚಿಕೊಂಡ ಗಾಯಗಳಿಗೆ, ಅರ್ಜೆಂಟಾ ಮತ್ತು ಮೊರಿಕ್ವಾಸ್ 1997ರಲ್ಲಿ ಪ್ರಕಟಿಸಿದ, ಸ್ಪಂಜು ತುಂಬಿ ಯಂತ್ರದಿಂದ ಸತತವಾಗಿ ಗಾಳಿ ಹೀರಿಸುವ ಋಣಒತ್ತಡದ ಚಿಕಿತ್ಸೆ ನೆರವಾಗುತ್ತದೆ. ಪಿಯೋರ್ ಅವರ ಸ್ಪಂಜು ಎರಡು ಶತಮಾನಗಳ ಬಳಿಕ ಬೇರೊಂದು ತತ್ತ್ವದ ಮೇಲೆ ಹೊಟ್ಟೆಯ ಗಾಯಕ್ಕೆ ಮರಳಿದಂತಾಯಿತು. 1930ರಲ್ಲಿ ಮೇಯೊ ಕ್ಲಿನಿಕ್ಕಿನ ವೈದ್ಯರು ವರ್ಣಿಸಿ ಪಯೋಡರ್ಮಾ ಗ್ಯಾಂಗ್ರಿನೋಸಂ ಎಂದು ಹೆಸರಿಟ್ಟ ನೇರಳೆಯಂಚಿನ, ತೀವ್ರ ನೋವಿನ ಹುಣ್ಣು ಸ್ಟೋಮಾದ ಪಕ್ಕದಲ್ಲಿಯೂ ಏಳುವುದುಂಟು. ಹೆಸರು ಕೀವು ಮತ್ತು ಕೊಳೆತವನ್ನು ಸೂಚಿಸಿದರೂ ಅದು ಸೋಂಕಲ್ಲ, ದೇಹದ ರಕ್ಷಣಾವ್ಯವಸ್ಥೆ ದಾರಿತಪ್ಪಿದುದರ ಫಲ. ಹುಣ್ಣೆಂದು ಕೆರೆದು ಕತ್ತರಿಸಿದರೆ ಇನ್ನಷ್ಟು ಹರಡುತ್ತದೆ. ತಪ್ಪು ಹೆಸರಿನಿಂದಾಗಿ ಎಷ್ಟು ಗಾಯಗಳ ಮೇಲೆ ಅನಗತ್ಯವಾಗಿ ಕತ್ತಿ ಆಡಿತೋ ಊಹಿಸಿದರೂ ವ್ಯಥೆಯಾಗುತ್ತದೆ.

ಭಾರತದಲ್ಲಿ ಸ್ಟೋಮಾದ ಅಗತ್ಯ ಕ್ಯಾನ್ಸರಿನಿಂದಷ್ಟೇ ಹುಟ್ಟುವುದಿಲ್ಲ. ವಿಷಮಶೀತಜ್ವರದಿಂದ ಇಲಿಯಂ ತೂತುಬಿದ್ದಾಗಲೂ ಹೊಟ್ಟೆಯ ಕ್ಷಯದಿಂದ ಕರುಳು ಕಟ್ಟಿಕೊಂಡಾಗಲೂ ಜೀವ ಉಳಿಸಲು ರಾತ್ರೋರಾತ್ರಿ ತಾತ್ಕಾಲಿಕ ಇಲಿಯಾಸ್ಟಮಿ ಮಾಡಬೇಕಾಗುತ್ತದೆ, ಅಂತಹ ರೋಗಿ ಬರುವಾಗಲೇ ಜ್ವರದಿಂದ ಬಡಕಲಾಗಿ, ಹೊಟ್ಟೆಯ ತುಂಬ ಕೀವು ತುಂಬಿಕೊಂಡಿರುತ್ತಾನೆ. ಮಸಿಯ ಚುಕ್ಕೆ ಇಡಲು ಅಲ್ಲಿ ಸಮಯವಿರುವುದಿಲ್ಲ, ಗಾಯ ಕೂಡುವುದಕ್ಕೆ ಬೇಕಾದ ಕಸುವು ಮೈಯಲ್ಲಿರುವುದಿಲ್ಲ, ಚೀಲ ಮತ್ತು ಹಾಳೆಗಳ ಬೆಲೆ ಬಡ ಕುಟುಂಬದ ಕೈಗೆಟಕುವುದಿಲ್ಲ. ಬಟ್ಟೆ ಸುತ್ತಿಕೊಂಡು, ಪ್ಲಾಸ್ಟಿಕ್ ಕವರನ್ನು ನೂಲಿನಿಂದ ಕಟ್ಟಿಕೊಂಡು ತಿಂಗಳುಗಳನ್ನು ದೂಡುವವರಿಗೆ ಸತುವಿನ ಮುಲಾಮೇ ಇಂದಿಗೂ ಆಸರೆ. ಬ್ರೌನ್ ಅವರ ಕಾಲದ ರೋಗಿಗಳ ಸ್ಥಿತಿ ಅವರ ಪಾಲಿಗೆ ಚರಿತ್ರೆಯಾಗಿಲ್ಲ. 1970ರ ದಶಕದಲ್ಲಿ ಮುಂಬೈಯಲ್ಲಿ ರೂಪುಗೊಂಡ ಭಾರತೀಯ ಆಸ್ಟಮಿ ಸಂಘವೂ ಅದೇ ನಗರದ ಟಾಟಾ ಮೆಮೋರಿಯಲ್ ಆಸ್ಪತ್ರೆ ನರ್ಸುಗಳಿಗೆ ಕೊಡುತ್ತ ಬಂದಿರುವ ಸ್ಟೋಮಾ ಆರೈಕೆಯ ಶಿಕ್ಷಣವೂ ದೇಶದ ಈ ಕೊರತೆಗೆ ಎದುರಾಗಿ ನಿಂತ ಮೊದಲ ಪ್ರಯತ್ನಗಳ ಸಾಲಿನವು. ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಸ್ಟೋಮಾ ನರ್ಸು ರೋಗಿಯ ಕೈಗೇ ಕನ್ನಡಿ ಕೊಟ್ಟು, ಅಂಚಿನ ಬಣ್ಣ ಕೆಂಪಾಗಿದೆಯೇ, ಹೊಲಿಗೆಯ ಬಳಿ ಬಿಟ್ಟುಕೊಂಡಿದೆಯೇ, ಹಾಳೆಯ ಅಡಿ ಉರಿಯುತ್ತಿದೆಯೇ ಎಂದು ನೋಡಿಕೊಳ್ಳಲು ಕಲಿಸಿ ಮನೆಗೆ ಕಳುಹಿಸುತ್ತಾಳೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಶಸ್ತ್ರಚಿಕಿತ್ಸೆಯಾಗಿ ಹಳ್ಳಿಗೆ ಮರಳಿದವನಿಗೆ ಆ ಕನ್ನಡಿ ಹಿಡಿಯುವವರು ಇನ್ನೂ ಬಂದಿಲ್ಲ.